ಸರೋಜಳ ಹುಳದ ಮನೆಯಲ್ಲಿ ಸಪ್ತರ್ಷಿ ಮಂಡಲ

ಮಕ್ಕಳಿಗೆ ಒಂದು ಕಾದಂಬರಿ ಬರೆಯುವುದು ಬಹಳ ಸುಲಭ ಎಂಬ ಸತ್ಯ ನನಗೆ ಹೊಳೆದದ್ದು ಒಂದು ಭಾನುವಾರ ಬೆಳಗ್ಗೆ, ನೆನೆಸಿದ ಅವರೆಕಾಳನ್ನು ಹಿದುಕುತ್ತ ಕೂತಿದ್ದಾಗ. ಒಂದೊಂದು ಕಾಳೂ ಸಿಪ್ಪೆ ಕಳಚಿ ಪುಳಕ್ಕನೆ ತಟ್ಟೆಗೆ ಹಾರುತ್ತಿತ್ತು. ಅಧ್ಯಾಯಗಳೂ ಹೀಗೇ ಹಾರಿ ಬೀಳುತ್ತವೆ ಎಂದುಕೊಂಡೆ. ಮೈಸೂರಿನಲ್ಲಿ ಎಂ.ಎ. ಮಾಡಿ ಬಂದವರಿಗೆ ಇಂಥ ಧೈರ್ಯ ಸಹಜ.

ಕತೆಯೂ ಸಿದ್ಧವಿತ್ತು. ಇಬ್ಬರು ಗೆಳತಿಯರು. ಅವರ ಊರ ಪಕ್ಕ ಕಾರ್ಖಾನೆಗಳು ಬರುತ್ತವೆ. ಹೊಲ ಹೋಗುತ್ತದೆ, ದಾರಿ ಬದಲಾಗುತ್ತದೆ, ಎಲ್ಲವೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಆಕಾಶದ ನಕ್ಷತ್ರಗಳು ಮತ್ತು ಅವರ ಗೆಳೆತನ. ಇದನ್ನು ಮನಸ್ಸಿನಲ್ಲೇ ಒಮ್ಮೆ ಓದಿಕೊಂಡಾಗ ನನಗೇ ಕಣ್ಣು ತುಂಬಿ ಬಂತು. ತಟ್ಟೆ ನೋಡುತ್ತ ಕಣ್ಣೊರೆಸಿಕೊಳ್ಳುವ ಹೆಂಡತಿಯನ್ನು ಕಂಡು ನಮ್ಮವರು, "ಅದು ಅವರೆಕಾಳು ಕಣೇ, ಈರುಳ್ಳಿ ಅಲ್ಲ" ಎಂದರು.

ನಮ್ಮವರು ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಎಲ್ಲವೂ ಒಂದೊಂದು ಕಪಾಟಿನಲ್ಲಿ ಇರಬೇಕು ಎಂಬ ಸ್ವಭಾವ. ನಮ್ಮ ಊರು ಹಾರೋಹಳ್ಳಿಗಿಂತ ಎರಡು ಸ್ಟಾಪ್ ಹಿಂದೆ, ಮುಖ್ಯರಸ್ತೆಯಿಂದ ಒಳಕ್ಕೆ. ರಾಮನಗರ ಜಿಲ್ಲೆಯಾಗಿ ಇನ್ನೂ ಬೋರ್ಡುಗಳ ಬಣ್ಣ ಒಣಗಿರದ ಕಾಲ ಅದು.

ಕಾದಂಬರಿಯ ಇಬ್ಬರು ಗೆಳತಿಯರಲ್ಲಿ ಒಬ್ಬಳು ನಾನೇ. ಇನ್ನೊಬ್ಬಳು ಸರೋಜ. ಸಾತನೂರಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವಳು ಹತ್ತನೇ ಕ್ಲಾಸು ಮುಗಿಸಿ ಮದುವೆಯಾಗಿ ಈ ಊರಿಗೆ ಬಂದಳು. ನಾನು ಪಿಯುಸಿ, ಬಿ.ಎ., ಎಂ.ಎ. ಎಲ್ಲ ಮುಗಿಸಿ, ಮದುವೆಯಾಗಿ ಇದೇ ಊರಿಗೆ ಬಂದೆ. ಅವಳದು ಹತ್ತಿರದ ದಾರಿ.

ಮೊದಲ ಅಧ್ಯಾಯ ನನ್ನ ನೆನಪಿನಲ್ಲೇ ತಯಾರಾಗಿ ಕೂತಿತ್ತು. ಅವರೆಕಾಯಿ ಕಾಲದ ಸಂಜೆ, ಸರೋಜಳ ತವರಿನ ಹೊಲದ ಬಂಡೆ. ಇಬ್ಬರೂ ಅಂಗಾತ ಮಲಗಿ ಸಪ್ತರ್ಷಿ ಮಂಡಲ ನೋಡುತ್ತಿದ್ದೇವೆ. ಸರೋಜ ನನ್ನ ಕೈ ಹಿಡಿದು, "ನಾವಿಬ್ರೂ ಯಾವಾಗ್ಲೂ ಹಿಂಗೇ ಇರಾಣ" ಎನ್ನುತ್ತಾಳೆ. ಆದರೆ ನನಗೆ ನೆನಪಿನ ಮೇಲೆ ಸ್ವಲ್ಪ ಅನುಮಾನ. ದಿನಚರಿ ಬರೆಯುವವರಿಗೆ ಈ ರೋಗ ಇರುತ್ತದೆ. ಹಳೆಯ ಪುಟ ತೆಗೆದು ಓದಿದಾಗಲೆಲ್ಲ, ಬರೆದವಳು ಯಾರೋ ಬೇರೆ, ನನಗಿಂತ ಬಹಳ ಒಳ್ಳೆಯವಳು ಎನ್ನಿಸುತ್ತದೆ. ಹಾಗಾಗಿ ಸಾಕ್ಷಿ ಕೇಳಲು ಸರೋಜಳ ಮನೆಗೆ ಹೋದೆ. ಅವಳು ರೇಷ್ಮೆಹುಳ ಸಾಕಲು ಹೊಸದಾಗಿ ಕಟ್ಟಿದ ಹುಳದ ಮನೆಗೆ ಸುಣ್ಣ ಬಳಿಯುತ್ತಿದ್ದಳು.

"ಏ ಸರೋಜ, ಬಂಡೆ ಮೇಲೆ ಮಲ್ಗಿ ಸಪ್ತರ್ಷಿ ನೋಡ್ತಿದ್ವಲ್ಲ, ಗ್ಯಾಪ್ಕ ಇದ್ಯಾ?"

"ಬಂಡೆ ಗ್ಯಾಪ್ಕ ಐತೆ. ನೀನ್ ಮಲ್ಗಿದ್ದೂ ಗ್ಯಾಪ್ಕ ಐತೆ. ಗೊರ್ಕೆ ಹೊಡೀತಿದ್ದೆ."

"ನಕ್ಷತ್ರ?"

"ನಾನು ಅವರೆ ಹೊಲ ಕಾಯ್ತಿದ್ದೆ ಕಣೆ. ಕಳ್ರು ಮ್ಯಾಲಿಂದ ಬತ್ತಾರಾ, ಆಕಾಸ ನೋಡಕ್ಕೆ?"

"ನನ್ನ ಕೈ ಹಿಡ್ಕೊಂಡಿದ್ದೆ!"

"ಎಬ್ಬುಸಕ್ಕೆ ಹಿಡ್ಕೊಂಡಿರ್ತೀನಿ."

ಆ ದಿನ ದಿನಚರಿಯಲ್ಲಿ, "ಸರೋಜಳ ನೆನಪಿನ ಶಕ್ತಿ ಕುಂದುತ್ತಿದೆ" ಎಂದು ಬರೆದೆ.

ಅನುಮಾನ ಪರಿಹಾರಕ್ಕೆ ಆಕಾಶವನ್ನೇ ಕೇಳೋಣ ಎಂದು ಸಂಜೆ ತಾರಸಿ ಹತ್ತಿದೆ. ಸಪ್ತರ್ಷಿಗಳು ಹುಟ್ಟುವುದು ಈಶಾನ್ಯದಲ್ಲಿ ಎಂದು ಓದಿದ್ದೆ. ನಮ್ಮ ಊರಿಗೆ ಈಶಾನ್ಯದಲ್ಲಿ ಇರುವುದು ಕೈಗಾರಿಕಾ ಪ್ರದೇಶ. ಅಲ್ಲಿ ಕಿತ್ತಳೆ ಬಣ್ಣದ ಬೆಳಕು ಹರಡಿತ್ತೇ ಹೊರತು ಒಬ್ಬ ಋಷಿಯೂ ಇರಲಿಲ್ಲ. ವಾರವಿಡೀ ಹತ್ತಿ ನೋಡಿದೆ. ಇಲ್ಲ! ಕಾರಣ ಸ್ಪಷ್ಟವಾಗಿತ್ತು.

"ರೀ, ನಿಮ್ಮ ಫ್ಯಾಕ್ಟರಿಯವರು ನನ್ನ ಸಪ್ತರ್ಷಿಗಳನ್ನ ನುಂಗಿಬಿಟ್ಟಿದ್ದಾರೆ!"

ನಮ್ಮವರು ಊಟ ನಿಲ್ಲಿಸಿ ಯೋಚಿಸಿದರು. "ಏಳು ಜನ ಋಷಿಗಳು ಗೇಟ್ ಪಾಸ್ ಇಲ್ದೆ ಒಳಗೆ ಬರಕ್ಕಾಗಲ್ಲ ಕಣೇ. ಬಂದಿದ್ರೆ ನನ್ನ ಸ್ಟೋರ್ಸಿಗೆ ಎಂಟ್ರಿ ಆಗಿರ್ತಿತ್ತು."

ಸಂವೇದನೆ ಇಲ್ಲದವರ ಜೊತೆ ಮಾತೇನು? ಅಂದೇ ಕೂತು ನಾಲ್ಕನೇ ಅಧ್ಯಾಯ ಬರೆದು ಮುಗಿಸಿದೆ. ಅದರ ಹೆಸರು 'ನಕ್ಷತ್ರ ಕದ್ದ ಕಾರ್ಖಾನೆ'. ಅದರಲ್ಲಿ ಸರೋಜಳನ್ನು ಹೋಲುವ ಹುಡುಗಿ, ಕಾರ್ಖಾನೆಗೆ ಹೋದ ಹೊಲವನ್ನು ನೆನೆದು ಎರಡು ಪುಟ ಅಳುತ್ತಾಳೆ.

ಇನ್ನು ಉಳಿದದ್ದು ಮಕ್ಕಳಿಗೆ ಓದಿ ಹೇಳುವುದು. ಆದರೆ ನಕ್ಷತ್ರದ ಕತೆಯನ್ನು ಟ್ಯೂಬ್‌ಲೈಟಿನ ಕೆಳಗೆ ಓದುವುದೇ? ಕಾರ್ಖಾನೆ ಕದ್ದ ಆಕಾಶವನ್ನು ನಾನೇ ತಯಾರಿಸಿ ಮಕ್ಕಳಿಗೆ ಕೊಡಬೇಕು ಎಂದು ತೀರ್ಮಾನಿಸಿದೆ. ಒಂದು ಕತ್ತಲೆ ಕೋಣೆ, ಬಿಸಿಲು ಬೀಳುವ ಒಂದು ಕಿಟಕಿ, ಅದಕ್ಕೆ ಕಪ್ಪು ಟಾರ್ಪಾಲು, ಟಾರ್ಪಾಲಿನಲ್ಲಿ ತೂತು. ಹಗಲು ಹನ್ನೊಂದಕ್ಕೇ ಸಪ್ತರ್ಷಿ! ಅಂಥ ಕೋಣೆ ಊರಿನಲ್ಲಿ ಒಂದೇ ಇತ್ತು.

ಸರೋಜಳ ಹುಳದ ಮನೆಯ ವಿಷಯ ಇಲ್ಲಿ ಹೇಳಲೇಬೇಕು. ಅವರ ಹಿಪ್ಪುನೇರಳೆ ತೋಟದಲ್ಲಿ ಅರ್ಧ ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಅಲ್ಲಿಯವರೆಗೆ ರೇಷ್ಮೆಹುಳ ಸಾಕುತ್ತಿದ್ದದ್ದು ಅವಳ ಅತ್ತೆ ಕೆಂಪಮ್ಮನವರು, ಅದೂ ಮನೆಯ ನಡುಮನೆಯಲ್ಲಿ, ತಮ್ಮ ಮಂಚದ ಪಕ್ಕದಲ್ಲಿ. ಉಳಿದ ಅರ್ಧದಲ್ಲಿ ಚೆನ್ನಾಗಿ ಬೆಳೆ ತೆಗೆಯಬೇಕಾದರೆ ಹುಳಕ್ಕೆ ಪ್ರತ್ಯೇಕ ಮನೆ ಬೇಕು ಎಂದು ಹಟ ಹಿಡಿದು ಕಟ್ಟಿಸಿದ್ದು ಸರೋಜ. "ಒಂಟಿ ಮನೇಲಿ ಬುಟ್ರೆ ಹುಳಕ್ಕೂ ಬ್ಯಾಸ್ರ ಆಯ್ತದೆ ಕಣವ್ವ" ಎಂದು ಕೆಂಪಮ್ಮ ಊರೆಲ್ಲ ಹೇಳಿಕೊಂಡು ಬಂದಿದ್ದರು. ಒಪ್ಪಂದ ಹೀಗಿತ್ತು: ಮೊದಲ ಬೆಳೆ ಸರಿಯಾಗಿ ಬಂದರೆ ಹುಳದ ಮನೆಯ ಬೀಗದ ಕೈ ಸರೋಜಳ ಸೆರಗಿನಲ್ಲೇ ಉಳಿಯುತ್ತದೆ. ಕೆಟ್ಟರೆ ಹುಳಗಳು ವಾಪಸ್ ಕೆಂಪಮ್ಮನವರ ಮಂಚದ ಪಕ್ಕಕ್ಕೆ, ಹೊಸ ಮನೆ ದನದ ಕೊಟ್ಟಿಗೆಗೆ!

ನಾನು ಹೋದಾಗ ಮನೆ ತೊಳೆದು, ಔಷಧಿ ಹೊಡೆದು ಸಿದ್ಧವಾಗಿತ್ತು. ಮುಂದಿನ ವಾರ ಹುಳ ಬರಬೇಕು. ನಾನು ಕಾದಂಬರಿಯ ಮಾತು ತೆಗೆದೆ.

"ಅದ್ರಲ್ಲಿ ನಾನೂ ಇವ್ನಾ?" ಎಂದಳು ಸರೋಜ.

"ನೀನೇ ನಾಯಕಿ. ಹೊಲ ಹೋದಾಗ ಎಷ್ಟು ಅಳ್ತೀಯ ಅಂದ್ರೆ..."

"ನಾನ್ಯಾವತ್ತೆ ಅತ್ತೆ? ಇರೋ ಅರ್ಧಕ್ಕೆ ಗೊಬ್ರ ಹಾಕ್ಸೋದ್ರಲ್ಲೇ ಸಾಕಾಗೋಯ್ತು, ಅಳಕ್ಕೆ ಯಾವಾಗ ಟೈಮಿತ್ತು?" ಎಂದಳು. ಆದರೂ ಗೆಳತಿಯಲ್ಲವೇ? ಸೆರಗಿನ ಗಂಟು ಬಿಚ್ಚಿ ಬೀಗದ ಕೈ ಕೊಟ್ಟಳು. "ಒಂದೊತ್ತು ಅಷ್ಟೇಯ. ಚಪ್ಲಿ ಆಚೆ ಬುಡಿ. ಏನೂ ಮುಟ್ಬ್ಯಾಡ ವಿಮ್ಲಾ, ದಮ್ಮಯ್ಯ ಅಂತೀನಿ."

ನಾನು ಏನನ್ನೂ ಮುಟ್ಟಲಿಲ್ಲ. ಪೂರ್ವದ ಕಿಟಕಿಯೊಂದನ್ನು ಬಿಟ್ಟು ಮಿಕ್ಕ ಕಿಟಕಿಗಳಿಗೆ ಗೋಣಿಚೀಲ ಇಳಿಬಿಟ್ಟೆ. ಪೂರ್ವದ ಕಿಟಕಿಗೆ ಒಳಗಿನಿಂದ ಕಪ್ಪು ಟಾರ್ಪಾಲು ಕಟ್ಟಿದೆ. ನಕ್ಷೆಯನ್ನು ತೆಳುವಾದ ಬಟರ್ ಪೇಪರಿನ ಮೇಲೆ ಇಳಿಸಿ ತಂದಿದ್ದೆ. ಎರಡು ಬದಿಯಿಂದಲೂ ಕಾಣುವ ಕಾಗದ, ಯಾವ ಬದಿಯಾದರೇನು ಎಂದು ಟಾರ್ಪಾಲಿನ ಮೇಲೆ ಅಂಟಿಸಿದೆ. ದಬ್ಬಣದಿಂದ ಚುಚ್ಚಿದರೆ ತೂತು ಮತ್ತೆ ಮುಚ್ಚಿಕೊಳ್ಳುತ್ತಿತ್ತು. ಆಗ ನನಗೆ ಒಂದು ಅಪೂರ್ವ ಉಪಾಯ ಹೊಳೆಯಿತು: ಊದುಬತ್ತಿ! ಹೊತ್ತಿದ ತುದಿಯನ್ನು ಒತ್ತಿದರೆ ಸುಯ್ ಎಂದು ದುಂಡಗೆ ತೂತು. ಆದರೆ ಅಷ್ಟು ಬೆಳಕು ಸಾಲದು ಎನ್ನಿಸಿತು. ಋಷಿಗಳ ಘನತೆ ಬೇರೆ. ಒಂದು ಸ್ಕ್ರೂಡ್ರೈವರನ್ನು ಕೆಂಡದಲ್ಲಿ ಕಾಯಿಸಿ ಒಬ್ಬೊಬ್ಬರನ್ನೂ ದೊಡ್ಡದು ಮಾಡಿದೆ. ವಸಿಷ್ಠರ ಪಕ್ಕದಲ್ಲಿ ಪುಟ್ಟ ಅರುಂಧತಿಯನ್ನೂ ಮರೆಯಲಿಲ್ಲ.

ಕಾರ್ಯಕ್ರಮಕ್ಕೆ ನನ್ನ ಮಗಳು ಚೈತ್ರ, ಸರೋಜಳ ಮಗಳು ಪವಿತ್ರ ಮತ್ತು ಬೀದಿಯ ಒಂದಷ್ಟು ಮಕ್ಕಳು ಬಂದರು. ಬಾಗಿಲು ಮುಚ್ಚಿದ ಕೂಡಲೇ ಕತ್ತಲಲ್ಲಿ ಏಳು ನಕ್ಷತ್ರಗಳು ಥಳಥಳ ಹೊಳೆದವು. "ಓ..." ಎಂದು ಮಕ್ಕಳು ಬಾಯಿ ಬಿಟ್ಟರು. ನಾನು ಗಂಟಲು ಸರಿಮಾಡಿಕೊಂಡು ಟಾರ್ಚ್ ಬೆಳಕಿನಲ್ಲಿ ನಾಲ್ಕು ಅಧ್ಯಾಯವನ್ನೂ ಓದಿದೆ. ಮುಗಿದ ಮೇಲೆ, "ಪ್ರಶ್ನೆ ಇದ್ದರೆ ಕೇಳಿ" ಎಂದೆ.

ಪವಿತ್ರ ಕೈ ಎತ್ತಿದಳು. "ಆಂಟಿ, ಊದ್ಬತ್ತಿ ವಾಸ್ನೆ ಬತ್ತಾ ಐತೆ. ಪ್ರಸಾದ ಯಾವಾಗ ಕೊಡ್ತೀರಾ?"

ದಿನಚರಿಯಲ್ಲಿ ಆ ದಿನದ ಪುಟ ಹೀಗೆ ಮುಗಿಯುತ್ತದೆ: "ಅಭೂತಪೂರ್ವ ಯಶಸ್ಸು." ಬರೆದವಳು ನಾನೇ ಆದ್ದರಿಂದ ನೀವು ನಂಬಬೇಕಾಗಿಲ್ಲ.

ಟಾರ್ಪಾಲು ಮಡಚಿ, ನೆಲ ಗುಡಿಸಿ, ಬೀಗದ ಕೈ ವಾಪಸ್ ಕೊಟ್ಟೆ. ಹುಳಗಳು ಬಂದವು. ಬಿಸಿಲು ಜೋರಾಗಿದ್ದರಿಂದ ಸರೋಜ ಪೂರ್ವದ ಕಿಟಕಿಗೆ ಹೊರಗಿನಿಂದ ತೆಂಗಿನಗರಿಯ ತಟ್ಟಿ ಒರಗಿಸಿದಳು. ಹುಳ ಇರುವಾಗ ಹುಳದ ಮನೆಗೆ ಹೊರಗಿನವರು ಕಾಲಿಡುವ ಹಾಗಿಲ್ಲ. ಕಾಲಿಗೆ ಅಂಟಿದ ರೋಗ ಹುಳಕ್ಕೆ ತಗಲುತ್ತದೆ. ಹಾಗಾಗಿ ನಾನು ಅಂಗಳದಲ್ಲೇ ನಿಂತು ಯೋಗಕ್ಷೇಮ ಕೇಳಿಕೊಂಡು ಹೋಗುತ್ತಿದ್ದೆ. "ಚೆನ್ನಾಗ್ ಮೇಯ್ತಾವೆ ಕಣೆ, ಮಳೆ ಉಯ್ದಂಗೆ ಸದ್ದು" ಎನ್ನುತ್ತಿದ್ದಳು ಸರೋಜ. ಅವಳ ಮುಖದಲ್ಲಿ ಅಂಥ ಬೆಳಕು ನಾನು ಎಂದೂ ಕಂಡಿರಲಿಲ್ಲ.

ಹುಳಗಳು ಬೆರಳಿನಷ್ಟು ದಪ್ಪವಾಗಿ, ಇನ್ನೇನು ಗೂಡು ಕಟ್ಟಬೇಕು ಎನ್ನುವ ಹೊತ್ತಿಗೆ ಒಂದು ದಿನ ಹೋದೆ. ಸರೋಜ ಬಾಗಿಲ ಮೆಟ್ಟಿಲ ಮೇಲೆ ತಲೆಗೆ ಕೈಕೊಟ್ಟು ಕೂತಿದ್ದಳು. ಅಂಗೈ ಮೇಲೆ ಒಂದು ಹುಳ. ಅದರ ಬಿಳಿ ಮೈ ಮೇಲೆ ಒಂದು ಕಪ್ಪು ಚುಕ್ಕೆ.

"ಊಜಿ," ಎಂದಳು.

ರೇಷ್ಮೆ ಸಾಕುವವರ ಮುಂದೆ ಈ ಹೆಸರನ್ನು ಜೋರಾಗಿ ಹೇಳುವ ಹಾಗಿಲ್ಲ. ಮನೆ ನೊಣಕ್ಕಿಂತ ದಪ್ಪನೆಯ ನೊಣ ಅದು. ಹುಳದ ಮೈ ಮೇಲೆ ಮೊಟ್ಟೆ ಇಟ್ಟರೆ ಮರಿ ಕಪ್ಪು ಚುಕ್ಕೆ ಬಿಟ್ಟು ಒಳಹೊಕ್ಕು, ಒಳಗೇ ತಿಂದು ಹುಳವನ್ನು ಮುಗಿಸುತ್ತದೆ. ಅದು ಬರಬಾರದೆಂದೇ ಪ್ರತಿ ಕಿಟಕಿಗೂ ನೈಲಾನ್ ಬಲೆ ಹೊಡೆಸುವುದು.

"ಎಲ್ಲಿಂದ ಬಂತೋ ಕಾಣೆ. ಬಾಗ್ಲಿಗೆ ಎರಡ್ ಪರ್ದೆ, ಕಿಟ್ಕಿಗೆಲ್ಲ ಹೊಸಾ ಬಲೆ..."

"ನನ್ ಮಂಚದ ಪಕ್ಕ ಇದ್ದಾಗ ಒಂದ್ ನೊಣ ಬತ್ತಿತ್ತಾ ಕೇಳು?" ಎಂದರು ಕೆಂಪಮ್ಮ, ಜಗಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ. ಅವರ ಕಣ್ಣು ಸೊಸೆಯ ಸೆರಗಿನ ಗಂಟಿನ ಮೇಲಿತ್ತು.

ಗೆಳತಿಯ ಕಷ್ಟದಲ್ಲಿ ವಿದ್ಯಾವಂತೆಯಾದವಳು ಸುಮ್ಮನಿರಬಹುದೇ? ನಾನು ಮುಂದೆ ಬಂದೆ. "ಕೆಂಪಮ್ಮೋರೆ, ತಪ್ಪು ಸರೋಜಂದಲ್ಲ. ಇದಕ್ಕೆಲ್ಲ ಕಾರಣ ಆ ಫ್ಯಾಕ್ಟರಿಗಳು!" ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಕೈಗಾರಿಕೀಕರಣದಿಂದ ಗಾಳಿ ಕೆಡುವುದು, ಹೊಗೆಗೆ ಹೆದರಿದ ನೊಣಗಳು ಹಳ್ಳಿಗಳತ್ತ ವಲಸೆ ಬರುವುದು, ಎಲ್ಲವನ್ನೂ ವಿವರಿಸಿದೆ. ನೊಣಗಳ ವಲಸೆಯ ಬಗ್ಗೆ ನಾನು ಎಲ್ಲಿಯೂ ಓದಿರಲಿಲ್ಲ. ಮಾತಿನ ಓಟದಲ್ಲಿ ಅದಾಗಿಯೇ ಬಂತು.

ರಾತ್ರಿ ಶಿಫ್ಟ್ ಮುಗಿಸಿ ಬರುತ್ತಿದ್ದ ನಮ್ಮವರು ಚೈತ್ರಳ ಜೊತೆ ಅಲ್ಲೇ ನಿಂತು ಕೇಳುತ್ತಿದ್ದರು. "ಮೊದಲು ಋಷಿಗಳು, ಈಗ ನೊಣ. ನಮ್ಮ ಫ್ಯಾಕ್ಟರಿ ಒಳಗೆ ತಗೊಳ್ಳೋದು ಒಂದು, ಹೊರಗೆ ಕಳಿಸೋದು ಇನ್ನೊಂದಾ?" ಎಂದರು.

ಅಪಹಾಸ್ಯ! ಅದೂ ಸಾರ್ವಜನಿಕವಾಗಿ! "ಬನ್ನಿ, ತೋರಿಸ್ತೀನಿ. ಗಾಳಿ ಯಾವ ಕಡೆಯಿಂದ ಬೀಸುತ್ತೆ ಅಂತ ಕಣ್ಣಾರೆ ನೋಡಿ" ಎಂದು ಎಲ್ಲರನ್ನೂ ಹುಳದ ಮನೆಯ ಪೂರ್ವಕ್ಕೆ ಕರೆದುಕೊಂಡು ಹೋದೆ. "ನೋಡಿ, ಅಲ್ಲಿ ಹೊಗೆ ಕೊಳವೆ. ಅಲ್ಲಿಂದ ಹೊರಟ ನೊಣ ನೇರವಾಗಿ ಬರೋದು ಎಲ್ಲಿಗೆ? ಇಲ್ಲಿಗೆ!" ಎಂದು, ಪರದೆ ಸರಿಸುವ ನಾಟಕದವರ ಹಾಗೆ ತೆಂಗಿನಗರಿಯ ತಟ್ಟಿಯನ್ನು ಪಕ್ಕಕ್ಕೆ ಎಳೆದೆ.

ಬಿಳಿ ನೈಲಾನ್ ಬಲೆ ಬಿಸಿಲಿಗೆ ಫಳಫಳ ಹೊಳೆಯಿತು. ಅದರ ಮೇಲೆ, ಅಂಚು ಕರಗಿ ಕಪ್ಪಾದ ಏಳು ತೂತುಗಳು. ನಾಲ್ಕು ಒಂದು ಚೌಕ, ಮೂರು ಒಂದು ಬಾಲ.

ಅಷ್ಟರಲ್ಲಿ ಒಂದು ದಪ್ಪ ನೊಣ ಹಾರಿ ಬಂದು, ನಮ್ಮೆಲ್ಲರ ಕಣ್ಣೆದುರೇ, ವಸಿಷ್ಠ ಮಹರ್ಷಿಗಳ ಮೂಲಕ ಒಳಕ್ಕೆ ಹೋಯಿತು.

"ಅಮ್ಮಾ, ನಿನ್ನ ಸಪ್ತರ್ಷಿ!" ಎಂದು ಚೈತ್ರ ಚಪ್ಪಾಳೆ ತಟ್ಟಿದಳು.

ಟಾರ್ಪಾಲಿನ ಹಿಂದೆ ಬಲೆ ಇದೆ, ಕಾದ ಸ್ಕ್ರೂಡ್ರೈವರಿಗೆ ಟಾರ್ಪಾಲು ಎಲ್ಲಿ ಮುಗಿದು ಬಲೆ ಎಲ್ಲಿ ಶುರುವಾಗುತ್ತದೆ ಎಂದು ತಿಳಿಯುವುದಿಲ್ಲ, ಎಂಬ ವಿಚಾರ ಆಗ ನನಗೆ ಹೊಳೆಯಿತು. ಎಂ.ಎ. ಮಾಡಿದವರಿಗೆ ಹೊಳೆಯುವುದು ಸ್ವಲ್ಪ ತಡ.

ನಮ್ಮವರು ಬಗ್ಗಿ ನೋಡಿ, "ಗೇಟ್ ಪಾಸ್ ಕೊಟ್ಟಿದ್ದು ಯಾರು ಅಂತ ಗೊತ್ತಾಯ್ತು" ಎಂದರು.

ಸರೋಜ ಕಿರುಚಲಿಲ್ಲ. ತೂತುಗಳನ್ನೇ ನೋಡುತ್ತ ಹೇಳಿದಳು: "ಇಲಿ ಕಡ್ದೈತೆ ಅನ್ಬೋದಿತ್ತು. ಆದ್ರೆ ಇಲಿ ಇಷ್ಟೊಂದ್ ಓದಿರಲ್ಲ."

ಕೆಂಪಮ್ಮ ಕಣ್ಣು ಕಿರಿದು ಮಾಡಿ ಹತ್ತಿರ ಬಂದರು. "ಇದ್ರ ಮಗ್ಗುಲಾಗೆ ಒಂದ್ ಸಣ್ಣುದ್ ಐತಲ್ಲ, ಅದ್ಯಾವುದವ್ವ?"

"ಅರುಂಧತಿ," ಎಂದೆ. ಆ ಸ್ಥಿತಿಯಲ್ಲೂ ತಿಳಿದದ್ದನ್ನು ಹೇಳದೆ ಇರಲಾಗಲಿಲ್ಲ.

"ನನ್ ಮದ್ವೇಲಿ ಅಯ್ನೋರು ಹಗಲೊತ್ನಲ್ಲೇ ಬೆಟ್ಟು ಮಾಡಿ ತೋರುಸ್ದ್ರು. ಕಾಣ್ಸ್ತು ಅಂತ ಸುಳ್ಳೇಳಿದ್ದೆ. ಇವತ್ತು ನಿಜ್ವಾಗ್ಲೂ ಕಾಣ್ತು ನೋಡು" ಎಂದು ಕೆಂಪಮ್ಮ ಕೈಮುಗಿದರು. ನನ್ನ ಖಗೋಳ ವಿಜ್ಞಾನಕ್ಕೆ ಸಿಕ್ಕ ಒಂದೇ ಒಂದು ಮೆಚ್ಚುಗೆ ಅದು.

ಸರೋಜ ಹಳೆಯ ಕೆಂಪು ರವಿಕೆಯೊಂದನ್ನು ಹರಿದು, ಏಳು ತೂತಿಗೂ ತೇಪೆ ಹಾಕಿದಳು. ಅರುಂಧತಿಗೂ ಒಂದು. ಚುಕ್ಕೆ ಬಿದ್ದ ಹುಳಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಮಿಕ್ಕವಕ್ಕೆ ಊಜಿಯ ಮೊಟ್ಟೆ ಕೊಲ್ಲುವ ಪುಡಿ ಉದುರಿಸಬೇಕಿತ್ತು. ನಾನು ಸೆರಗು ಸಿಕ್ಕಿಸಿಕೊಂಡು, "ನಾನೂ ಬರ್ತೀನಿ" ಎಂದೆ.

"ನೀವು ಒಳೀಕ್ ಬರ್ಬ್ಯಾಡಿ ವಿಮಲಮ್ಮೋರೆ. ಆಚೇನೇ ಕೂತ್ಕೊಂಡು, ನೊಣ ಕಂಡ್ರೆ ಹೊಡೀರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಂದೇ ಬೆಂಚಿನಲ್ಲಿ ಕೂತವಳು, ನನ್ನ ಜಡೆ ಎಳೆದವಳು, ನನಗೆ ಬಹುವಚನ ಹಾಕಿದಳು! ನನ್ನ ಕಾದಂಬರಿಯ ಕೊನೆಯಲ್ಲಿ ಗೆಳತಿಯರು ಜಗಳವಾಡಿ, ನಕ್ಷತ್ರ ನೋಡಿ, ಅರ್ಧ ಪುಟದಲ್ಲಿ ಒಂದಾಗುತ್ತಾರೆ. ಅದನ್ನು ಬರೆದವಳಿಗೆ ಗೆಳೆತನದ ಬಗ್ಗೆ ಎಷ್ಟು ಗೊತ್ತಿತ್ತು ಎಂದು ನನಗೆ ಮೊದಲ ಬಾರಿಗೆ ಅನುಮಾನ ಬಂತು.

ದಿನಾ ಬೆಳಗಿನಿಂದ ಸಂಜೆಯವರೆಗೆ ಆ ಕಿಟಕಿಯ ಹೊರಗೆ ಕಾವಲು ಕೂತೆ. ಹೊಡೆಯಲು ಕೈಗೆ ಸಿಕ್ಕಿದ್ದು ಹಸ್ತಪ್ರತಿ. ಒಂದನೇ ಅಧ್ಯಾಯ ತೆಳು, ಎರಡನೆಯದು ಬಾಗುತ್ತಿತ್ತು. 'ನಕ್ಷತ್ರ ಕದ್ದ ಕಾರ್ಖಾನೆ' ಸುರುಳಿ ಸುತ್ತಿದರೆ ಹದವಾಗಿತ್ತು. ಮಕ್ಕಳ ಮೇಲೆ ಆಗದ ಪರಿಣಾಮ ನೊಣಗಳ ಮೇಲೆ ಆಯಿತು. ಸರೋಜ ಒಳಗಿನಿಂದ, "ಟೀ ತಗೊಳಿ" ಎಂದು ಲೋಟ ಇಟ್ಟು ಹೋಗುತ್ತಿದ್ದಳು. ಪ್ರತಿ 'ತಗೊಳಿ'ಗೂ ಟೀ ಕಹಿಯಾಗುತ್ತಿತ್ತು.

ಹುಳಗಳು ಹಣ್ಣಾದವು. ಸರೋಜ ಮತ್ತು ಕೆಂಪಮ್ಮ ಅವನ್ನು ಆರಿಸಿ ಬಿದಿರಿನ ಚಂದ್ರಂಕಿಗಳ ಮೇಲೆ ಗೂಡು ಕಟ್ಟಲು ಬಿಡುತ್ತಿದ್ದರು. ನಾನು ಬಿಸಿಲಿಗೆ ಸೋತು, ಗೋಡೆಗೆ ಒರಗಿ, ಒಂದೇ ಒಂದು ಕ್ಷಣ ಕಣ್ಣು ಮುಚ್ಚಿದೆ. ಯಾರೋ ಕೈ ಹಿಡಿದು ಜಗ್ಗಿದರು.

"ಏ ವಿಮ್ಲಾ! ಕಾಯಕ್ಕೆ ಕೂರ್ಸುದ್ರೆ ಗೊರ್ಕೆ ಹೊಡೀತಿದ್ದೀಯೇನೆ? ಅವತ್ತೂ ಇಂಗೇಯ, ಇವತ್ತೂ ಇಂಗೇಯ!"

ಏಕವಚನ! ನಾನು ಎದ್ದು ಕೂತು ಅತ್ತೇಬಿಟ್ಟೆ. ಸರೋಜ ಗಾಬರಿಯಾಗಿ, "ಅಳ್ಬ್ಯಾಡ ಕಣೆ, ಒಸಿ ಕಮ್ಮಿ ಆದ್ರೂ ಬೆಳೆ ಬಂದದೆ" ಎಂದಳು. ಅವಳು ಇನ್ನೂ ನನ್ನ ಕೈ ಹಿಡಿದಿದ್ದಳು. ಎಬ್ಬಿಸುವುದಕ್ಕೆ ಹಿಡಿದದ್ದು, ನಿಜ. ಆದರೆ ಎದ್ದ ಮೇಲೂ ಬಿಟ್ಟಿರಲಿಲ್ಲ. ಇಷ್ಟು ಮಾತ್ರ ನನ್ನ ದಿನಚರಿಯಲ್ಲಿ ನಂಬಬಹುದು ಎಂದು ನನ್ನ ಭಾವನೆ. ಸರೋಜಳನ್ನು ಕೇಳಿಲ್ಲ. ಕೇಳುವ ಧೈರ್ಯವೂ ಇಲ್ಲ.

ಗೂಡು ರಾಮನಗರದ ಮಾರುಕಟ್ಟೆಯಲ್ಲಿ ಮಾರಾಟವಾಯಿತು. ಬೀಗದ ಕೈ ಸರೋಜಳ ಸೆರಗಿನಲ್ಲೇ ಉಳಿಯಿತು. ಕೆಂಪಮ್ಮ ಮಾತ್ರ ದಿನಾ ಸಂಜೆ ಪೂರ್ವದ ಕಿಟಕಿಯ ಕೆಂಪು ಅರುಂಧತಿಗೆ ಒಂದು ಕೈಮುಗಿದು ಹೋಗುತ್ತಿದ್ದರು.

ಬೇಸಿಗೆಯ ಒಂದು ಸಂಜೆ ಚೈತ್ರ ತಾರಸಿಯಿಂದ ಕೂಗಿದಳು. ಹೋಗಿ ನೋಡಿದರೆ, ಕಾರ್ಖಾನೆಗಳ ಕಿತ್ತಳೆ ಬೆಳಕಿನ ಮೇಲೆ, ಯಾವ ಸಂಕೋಚವೂ ಇಲ್ಲದೆ, ಏಳು ಜನ ಋಷಿಗಳೂ ಕೂತಿದ್ದರು! ಅವರೆಕಾಯಿ ಕಾಲದಲ್ಲಿ ಅವರು ಹುಟ್ಟುವುದೇ ಊರೆಲ್ಲ ಮಲಗಿದ ಮೇಲಂತೆ. ಬೇಸಿಗೆಯಲ್ಲಿ ಮಾತ್ರ ಸಂಜೆಗೆ ಕಾಣುತ್ತಾರಂತೆ. ಅವಳ ಶಾಲೆಯ ಪುಸ್ತಕದಲ್ಲೇ ಇತ್ತು. ಅಂದರೆ ಕಾರ್ಖಾನೆ ಕದ್ದಿರಲಿಲ್ಲ. ಬಂಡೆಯ ಮೇಲೆ ನಾನು ನೋಡಿಯೂ ಇರಲಿ‌ಲ್ಲ. ಒಂದನೇ ಅಧ್ಯಾಯ ಹೋಯಿತು, ನಾಲ್ಕನೆಯದನ್ನು ನೊಣಗಳು ಮುಗಿಸಿದ್ದವು. ನಮ್ಮವರು ಆಕಾಶ ನೋಡಿ, "ಸ್ಟಾಕ್ ಸರಿ ಇದೆ" ಎಂದರು.

ಚೈತ್ರ ಅಷ್ಟಕ್ಕೇ ಬಿಡಲಿಲ್ಲ. "ಅಮ್ಮ, ಹುಳದ ಮನೇಲಿ ನೀನು ತೋರ್ಸಿದಾಗ ಬಾಲ ಆ ಕಡೆಗಿತ್ತು. ಆಕಾಶದಲ್ಲಿ ಈ ಕಡೆಗಿದೆ. ನೀನು ಉಲ್ಟಾ ಮಾಡಿದ್ದೆ!"

ಬಟರ್ ಪೇಪರ್! ಯಾವ ಬದಿಯಾದರೇನು ಎಂದು ಅಂಟಿಸಿದ್ದೆನಲ್ಲ, ಮಗುಚಿ ಅಂಟಿಸಿದ್ದೆ. ಒಳಗೆ ಕೂತು ನೋಡಿದ ಮಕ್ಕಳಿಗೆಲ್ಲ ನಾನು ತಿರುಗುಮುರುಗಾದ ಆಕಾಶವನ್ನು ಕಲಿಸಿ ಕಳಿಸಿದ್ದೆ.

ಆದರೂ ಒಂದು ಸಮಾಧಾನವಿದೆ. ಈಗ ಸರೋಜಳ ಹುಳದ ಮನೆಗೆ ಯಾವ ಬೆಳೆಯ ಕಾಲದಲ್ಲೂ, ಹುಳ ಇರಲಿ ಇಲ್ಲದಿರಲಿ, ನನಗೆ ಪ್ರವೇಶವಿಲ್ಲ. "ಏ ವಿಮ್ಲಾ, ಅಲ್ಲೇ ನಿಂತ್ಕೊ!" ಎಂದು ಅಂಗಳದಲ್ಲೇ ತಡೆಯುತ್ತಾಳೆ. ಅಲ್ಲಿ ನಿಂತು, ಹೊರಗಿನಿಂದ ನೋಡಿದರೆ, ಆ ಏಳು ಕೆಂಪು ತೇಪೆಗಳು ಆಕಾಶದಲ್ಲಿ ಇರುವ ಹಾಗೆಯೇ, ಒಂದಿಷ್ಟೂ ತಪ್ಪಿಲ್ಲದೆ ಕಾಣುತ್ತವೆ. ನನ್ನನ್ನು ಹೊರಗೆ ನಿಲ್ಲಿಸಿದರೆ ಮಾತ್ರ ನನ್ನ ಖಗೋಳಶಾಸ್ತ್ರ ಸರಿಯಾಗಿರುತ್ತದೆ.